ಅಡಿಕೆ, ಬಾಯಿ ಮತ್ತು ಸಕ್ಕರೆಯ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ ಕಡೆಯಿಂದ ಮೂಡುಬಿದಿರೆಗೆ ಓದಲು ಬರುವ ನಮ್ಮಲ್ಲಿ ಹಲವರ ಕಾಲೇಜು ಫೀಸು ಅಡಿಕೆಯಿಂದಲೇ ಬರುವುದು. ಮನೆಗೆ ನೆಂಟರು ಬಂದರೆ ಎಲೆ-ಅಡಿಕೆಯ ತಟ್ಟೆ ಮುಂದಿಡಲೇಬೇಕು. ಹಾಗಾಗಿ ಇದನ್ನು ಬರೆಯುವುದು ನಮಗೂ ಸ್ವಲ್ಪ ಕಷ್ಟವೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ವಿರೋಧಿಸುತ್ತಲೇ ಬಂದಿವೆ. ತಂಬಾಕೂ ಸೇರಿದರೆ ಅಪಾಯ ಇನ್ನೂ ಜಾಸ್ತಿ.

ಸರಿ, ಬಾಯಿಯಲ್ಲಿ ಗಡ್ಡೆ ಬಂತು ಅಂತಿಟ್ಟುಕೊಳ್ಳಿ. ಅದು ಎಷ್ಟು ಜೋರಿನದು ಅಂತ ಗೊತ್ತಾಗುವುದು ಹೇಗೆ? ಒಂದು ಸುಳಿವು ಅದರ ಇಂಧನದ ಲೆಕ್ಕದಲ್ಲಿದೆ.

ನಮ್ಮ ಜೀವಕೋಶ ಆಮ್ಲಜನಕ ಬಳಸಿ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ತೆಗೆಯುತ್ತದೆ. ಹಲವು ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದರೂ ಹೆಚ್ಚಿನ ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡಿ ಹೊರಗೆ ಚೆಲ್ಲುತ್ತವೆ. ಸಿಗುವುದು ಬರೀ 2 ಎಟಿಪಿ. 1920ರ ದಶಕದಲ್ಲಿ ಇದನ್ನು ಗಮನಿಸಿದವರು ಜರ್ಮನಿಯ ಓಟೋ ವಾರ್ಬರ್ಗ್. ಮೈಲೇಜೇ ಇಲ್ಲದ ಈ ಎಂಜಿನ್ ಕ್ಯಾನ್ಸರಿಗೆ ಯಾಕೆ ಬೇಕು? ಇದು ವೇಗವಾಗಿ ಓಡುತ್ತದೆ, ಜೊತೆಗೆ ಹೊಸ ಕೋಶ ಕಟ್ಟಲು ಬೇಕಾದ ಕಚ್ಚಾ ವಸ್ತುವನ್ನೂ ಕೊಡುತ್ತದೆ. ಹೊರಬಿದ್ದ ಆಮ್ಲ ಸುತ್ತಲಿನ ರೋಗನಿರೋಧಕ ಕೋಶಗಳನ್ನು ಸುಸ್ತು ಮಾಡಿ, ಗಡ್ಡೆ ಹರಡಲು ದಾರಿ ಮಾಡಿಕೊಡುತ್ತದೆ.

ಇಷ್ಟು ಸಕ್ಕರೆ ಎಳೆದುಕೊಳ್ಳಲು ಕೋಶದ ಗೋಡೆಯಲ್ಲಿ ಹೆಚ್ಚು ಬಾಗಿಲು ಬೇಕು. ಅಂಥ ಒಂದು ಬಾಗಿಲೇ ಗ್ಲೂಟ್-1 ಎಂಬ ಪ್ರೋಟೀನು. ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ನೋಡಿದಾಗ ಇದು ದಟ್ಟವಾಗಿ ಕಂಡ ಬಾಯಿ ಕ್ಯಾನ್ಸರ್ ರೋಗಿಗಳಲ್ಲಿ ಮುಂದಿನ ದಾರಿ ಸಾಮಾನ್ಯವಾಗಿ ಕಠಿಣ ಎಂದು ಅಧ್ಯಯನಗಳು ತೋರಿಸಿವೆ. ಲ್ಯಾಕ್ಟೇಟ್ ಮಾಡುವ ಎಲ್‌ಡಿಎಚ್ ಎಂಬ ಕಿಣ್ವವನ್ನು ರಕ್ತದಲ್ಲೇ ಅಳೆಯಬಹುದು. ಆದರೆ ಲಿವರ್ ತೊಂದರೆಯಲ್ಲೂ ಅದು ಏರುತ್ತದೆ, ಅದೊಂದನ್ನೇ ನಂಬಿ ಕೂರುವಂತಿಲ್ಲ. ಪೆಟ್ ಸ್ಕ್ಯಾನ್ ಕೂಡ ಇದೇ ಸಕ್ಕರೆ ಹಸಿವನ್ನು ಬಳಸುತ್ತದೆ: ವಿಕಿರಣಶೀಲ ಫ್ಲೋರಿನ್ ಅಂಟಿಸಿದ ಗ್ಲೂಕೋಸನ್ನು ಗಡ್ಡೆ ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ.

ಹಾಗಾದರೆ ಸಕ್ಕರೆ ಬಿಟ್ಟರೆ ಗಡ್ಡೆ ಸಾಯುತ್ತದಾ? ಇಲ್ಲ ಮಾರಾಯ್ರೆ. ನಾವು ತಿನ್ನದಿದ್ದರೂ ದೇಹವೇ ಗ್ಲೂಕೋಸ್ ತಯಾರಿಸುತ್ತದೆ.

ಈ ಸೂಚಕಗಳು ಏನೇ ಹೇಳಲಿ, ಗಡ್ಡೆಯ ಗಾತ್ರ, ಅದು ಇಳಿದ ಆಳ, ಕುತ್ತಿಗೆಯ ಗ್ರಂಥಿಗೆ ಹರಡಿದೆಯೋ ಇಲ್ಲವೋ ಎಂಬುದರ ಮೇಲೆಯೇ ವೈದ್ಯರು ಮುಖ್ಯವಾಗಿ ಚಿಕಿತ್ಸೆ ನಿರ್ಧರಿಸುವುದು. ಅಂದರೆ ಬೇಗ ಹೋದಷ್ಟೂ ಒಳ್ಳೆಯದು. ಎರಡು-ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹೋಗದಷ್ಟು ಬಿಗಿಯಾದ ಬಾಯಿ – ಇದನ್ನು ನೋಡಲು ಹಾಸ್ಟೆಲಿನ ಕನ್ನಡಿ ಸಾಕು. ಈ ವಾರ ಊರಿಗೆ ಹೋದಾಗ ಅಜ್ಜ-ಅಜ್ಜಿಯ ಬಾಯಿಯನ್ನೂ ಒಮ್ಮೆ ಟಾರ್ಚ್ ಹಾಕಿ ನೋಡೋಣ. ಬೇಲಿ ಬದಿಯಲ್ಲಿ ಪ್ಯಾಕೆಟ್ ಹರಿಯುವ ನಮ್ಮ ಗೆಳೆಯನ ಬಾಯಿಯನ್ನೂ.