ಬಾಡಿಗೆ ಮನೆಯಲ್ಲಿ ಬೇರೂರಿದ ನೀರ್ಬ್ರಾಹ್ಮಿ

ಬ್ರಾಹ್ಮಿ ಎಂದರೆ ಯಾವುದು ಎಂದು ನಮ್ಮ ಪುತ್ತೂರಿನ ಕಡೆ ಕೇಳಿ ನೋಡಿ. ಹೆಚ್ಚಿನವರು ತೋಟದ ಕಣಿಯ ಬದಿಯಲ್ಲಿ ಹಬ್ಬಿದ ಒಂದೆಲಗವನ್ನೇ ತೋರಿಸುತ್ತಾರೆ. ತುಳುವಿನಲ್ಲಿ ಅದು ತಿಮರೆ. ಬೇಸಿಗೆಯ ಊಟಕ್ಕೆ ಅದರದ್ದೇ ತಂಬುಳಿ. ತಮಿಳರು ಅದನ್ನು ‘ವಲ್ಲಾರೈ’ ಎನ್ನುತ್ತಾರೆ. ಅವರ ‘ನೀರ್‌ಬ್ರಮ್ಮಿ’ ಬೇರೆಯೇ ಗಿಡ. ಚೆನ್ನೈನ ಕೊಳತ್ತೂರಿನಲ್ಲಿ ಸಾಲು ಸಾಲಾಗಿರುವ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಕೇಳಿದರೆ ಅದನ್ನು ‘ಬಕೋಪಾ’ ಎಂದು ಕಟ್ಟು ಕಟ್ಟಿ ಕೊಡುತ್ತಾರೆ. ಪೂರ್ತಿ ಹೆಸರು ಬಕೋಪಾ ಮೊನಿಯೇರಿ.

ಒಂದೆಲಗದ್ದು ಉದ್ದ ತೊಟ್ಟಿನ ದುಂಡನೆಯ ಎಲೆ. ನೀರ್ಬ್ರಾಹ್ಮಿಯದ್ದು ಕಾಂಡದ ಎರಡೂ ಬದಿಗೆ ಜೋಡಿಯಾಗಿ ಕೂತ ದಪ್ಪನೆಯ ಪುಟ್ಟ ಎಲೆ. ಗದ್ದೆಯಂಚು, ಜೌಗು ನೆಲ ಇದರ ಮನೆ; ನೀರೊಳಗೂ ಬದುಕುತ್ತದೆ.

ಕರಾವಳಿಯ ಈ ನಗರಕ್ಕೆ ಇದು ಹೇಳಿ ಮಾಡಿಸಿದ ಗಿಡ. ನಮ್ಮ ಬೋರ್‌ವೆಲ್ ನೀರು ಗಡಸು, ಕೆಲವೊಮ್ಮೆ ಉಪ್ಪುಪ್ಪು. ಮೇ ತಿಂಗಳಲ್ಲಿ ತೊಟ್ಟಿಯ ನೀರು 30 ಡಿಗ್ರಿ ದಾಟುತ್ತದೆ. ಚೆಂದದ ಕೆಂಪು ರೊಟಾಲಾಗಳು ಇಂಥ ನೀರಿನಲ್ಲಿ ಸೊರಗುತ್ತವೆ, ನೀರ್ಬ್ರಾಹ್ಮಿ ತಡೆದುಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಕೂಡ ಬೇಕಿಲ್ಲ.

ನೆಡುವಾಗ ಕಟ್ಟನ್ನು ಬಿಚ್ಚಿ, ಕೆಳಗಿನ ಎರಡು ಗಿಣ್ಣಿನ ಎಲೆ ಕಿತ್ತು, ಒಂದೊಂದೇ ಕಾಂಡವನ್ನು ಇಂಚು ಬಿಟ್ಟು ಮರಳಿಗೆ ಊರಬೇಕು. ಒತ್ತಾಗಿ ನೆಟ್ಟರೆ ಬೆಳಕು ಸಿಗದೆ ಬುಡ ಕೊಳೆಯುತ್ತದೆ. ನರ್ಸರಿಯಲ್ಲಿ ನೀರಿನ ಮೇಲೆ ಬೆಳೆದ ಗಿಡವಾದರೆ ಮೊದಲ ವಾರಗಳಲ್ಲಿ ಹಳೆ ಎಲೆ ಕರಗಬಹುದು. ಕಿತ್ತೆಸೆಯಬೇಡಿ, ತುದಿ ನೋಡಿ: ಅದು ಹಸಿರಾಗಿದ್ದರೆ ಗಿಡ ಬದುಕಿದೆ ಎಂದರ್ಥ. ದಿನಕ್ಕೆ ಏಳೆಂಟು ಗಂಟೆ ಎಲ್‌ಇಡಿ ಬೆಳಕು ಸಾಕು. ಹೆಚ್ಚಾದರೆ ಪಾಚಿ, ಕಡಿಮೆಯಾದರೆ ಕೆಳಗಿನ ಎಲೆ ಉದುರಿ ಕಾಂಡ ನೀಳವಾಗುತ್ತದೆ. ಹಳೆ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಸಾಮಾನ್ಯವಾಗಿ ಪೊಟ್ಯಾಷಿಯಂ ಕೊರತೆ. ಗಿಡ ನೀರಿನ ಮಟ್ಟ ಮುಟ್ಟಿದಾಗ ತುದಿ ಕತ್ತರಿಸಿ ಪಕ್ಕದಲ್ಲೇ ನೆಡಿ. ಬುಡದಲ್ಲಿ ಹೊಸ ಚಿಗುರು ಒಡೆಯುತ್ತದೆ, ತುದಿಗೆ ಬೇರು ಬರುತ್ತದೆ.

ಬಿಸಿಲಿಗೆ ನೀರಿನ ಮೇಲೆ ಸಣ್ಣ ಫ್ಯಾನ್ ಬಿಡುವವರಿದ್ದಾರೆ. ಆವಿಯಾಗುವಾಗ ನೀರು ತಣಿಯುತ್ತದೆ ನಿಜ. ಆದರೆ ಚೆನ್ನೈನ ಸೆಕೆಯ ಗಾಳಿಯಲ್ಲಿ ಬೆಂಗಳೂರಿನಷ್ಟು ಫಲ ಸಿಗದು. ಆವಿಯಾದ ನೀರು ಲವಣವನ್ನು ಹಿಂದೆ ಬಿಟ್ಟು ಹೋಗುವುದರಿಂದ ಆ ಕೊರತೆಗೆ ಆರ್‌ಒ ನೀರು ಹಾಕುವುದೇ ಸರಿ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಕೇಳಿದ್ದು ನನ್ನ ಹೆಂಡತಿ: “ಟ್ಯಾಂಕರ್‌ಗೆ ದುಡ್ಡು ಕೊಡುವ ಊರಲ್ಲಿ ಗಾಜಿನ ಪೆಟ್ಟಿಗೆಗೆ ನೀರು ಸುರಿಯುವುದು ಸರಿಯಾ?” ನಗುವ ಮಾತಲ್ಲ. 2019ರ ಬೇಸಿಗೆಯಲ್ಲಿ ಈ ನಗರದ ಜಲಾಶಯಗಳು ಬತ್ತಿ, ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಲೆಕ್ಕ ಹಾಕಿದೆವು. ನಮ್ಮದು 50 ಲೀಟರಿನ ತೊಟ್ಟಿ, ವಾರಕ್ಕೆ ಬದಲಿಸುವುದು ಒಂದೈದಾಂಶ, ಅಂದರೆ ಒಂದು ಸಣ್ಣ ಬಕೆಟ್. ಮೀನಿನ ಕಸುವಿರುವ ಆ ನೀರು ಬಾಲ್ಕನಿಯ ತುಳಸಿಗೆ, ಕರಿಬೇವಿಗೆ ಒಳ್ಳೆಯ ಗೊಬ್ಬರ. ಹೇಗಿದ್ದರೂ ಅವಕ್ಕೆ ನೀರು ಹಾಕಲೇಬೇಕಿತ್ತು. ಈಗ ಅದೇ ನೀರು ಎರಡು ಕೆಲಸ ಮಾಡುತ್ತದೆ. ಇದಕ್ಕಿಂತ ದೊಡ್ಡ ತೊಟ್ಟಿ ಬೇಡ ಎಂಬ ಷರತ್ತಿಗೆ ನಾನೂ ಒಪ್ಪಿದೆ.

ಎರಡು ಎಚ್ಚರಿಕೆ. ನೆನಪಿನ ಶಕ್ತಿಗೆ ಒಳ್ಳೆಯದೆಂದು ತೊಟ್ಟಿಯ ಬ್ರಾಹ್ಮಿಯನ್ನು ತಿನ್ನಬೇಡಿ. ಆ ನೀರಿಗೆ ಮೀನಿನ ಔಷಧಿ, ಗೊಬ್ಬರ ಎಲ್ಲ ಬಿದ್ದಿರುತ್ತದೆ. ಕತ್ತರಿಸಿದ ಗಿಡವನ್ನು ಕೆರೆಗೆ, ಕಾಲುವೆಗೆ ಎಸೆಯಬೇಡಿ. ನೀರ್ಬ್ರಾಹ್ಮಿ ನಮ್ಮ ನೆಲದ್ದೇ ಆದರೂ ಅದರ ಜೊತೆ ಹೊರಗಿನ ಬಸವನಹುಳು, ಬೇರೆ ಸಸ್ಯಗಳ ಚೂರು ಹೋಗಬಹುದು. 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಪಳ್ಳಿಕರಣೈ ಜೌಗು ಪ್ರದೇಶ ಐಟಿ ಕಚೇರಿಗಳ ಮಗ್ಗುಲಲ್ಲೇ ಇದೆ.

ಬದಲಿಗೆ ಕತ್ತರಿಸಿದ ತುದಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಯಾರಿಗಾದರೂ ಕೊಡಿ. ನಾನು ಆಫೀಸಿನ ಮೂವರಿಗೆ ಕೊಟ್ಟಿದ್ದೇನೆ. ಅವರಲ್ಲೊಬ್ಬರು ಹಾಸನದವರು. ಈಗ ನಾವಿಬ್ಬರೂ ಊರಿಗೆ ಹೋಗುವಾಗ ಒಬ್ಬರ ತೊಟ್ಟಿಯನ್ನು ಇನ್ನೊಬ್ಬರು ನೋಡಿಕೊಳ್ಳುತ್ತೇವೆ.