ಕಣ್ಣು ಹಳದಿಯಾಗುವ ಮೊದಲೇ ಮೂಡಿದ ಗೆರೆ

ಮೂರು ಸಾವಿರದ ಇನ್ನೂರು ಅಕ್ಷರ. ಅಷ್ಟೇ! ಮನುಷ್ಯನ ಡಿಎನ್‌ಎ ಬರಹ 300 ಕೋಟಿ ಅಕ್ಷರಗಳ ಮಹಾಗ್ರಂಥವಾದರೆ, ಹೆಪಟೈಟಿಸ್ ಬಿ ವೈರಸ್ಸಿನದು ನೀವೀಗ ಓದುತ್ತಿರುವ ಲೇಖನದಷ್ಟು ಉದ್ದದ ಚೀಟಿ. ಆ ಚೀಟಿ ಯಕೃತ್ತಿನೊಳಗೆ ಸೇರಿಕೊಂಡು, ಮೂವತ್ತು ನಲವತ್ತು ವರ್ಷ ತುಟಿ ಬಿಚ್ಚದೆ ಕೂತಿದ್ದು, ಒಂದು ದಿನ ಸಿರೋಸಿಸ್ ಆಗಿಯೋ ಕ್ಯಾನ್ಸರ್ ಆಗಿಯೋ ಎದ್ದು ನಿಲ್ಲಬಲ್ಲದು. ಅಷ್ಟು ಕಾಲ ಅದನ್ನು ಹೊತ್ತವರು ಉಂಡುಟ್ಟು, ದುಡಿದು, ಮದುವೆಯಾಗಿ, ಮಕ್ಕಳನ್ನು ಹೆತ್ತು ಆರಾಮಾಗಿಯೇ ಇದ್ದಿರುತ್ತಾರೆ!

ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದವರು ಗಾದೆನ್, ಡ್ರೆಪುಂಗ್ ಮಠಗಳ ಹೊಳೆಯುವ ಛಾವಣಿ ನೋಡುತ್ತಾರೆ, ಮೊಮೊ ತಿನ್ನುತ್ತಾರೆ, ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಂಡು ಮರಳುತ್ತಾರೆ. 1966ರಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ಎದ್ದ ಊರಿದು. ದೊಗುಲಿಂಗ್ ಎಂಬುದು ಅದರ ಟಿಬೆಟನ್ ಹೆಸರು. ಮುಂಡಗೋಡದವರ ಬಾಯಲ್ಲಿ ಮಾತ್ರ ಇವತ್ತಿಗೂ ‘ಕ್ಯಾಂಪ್ ನಂಬರ್ ಒಂದು’, ‘ಕ್ಯಾಂಪ್ ನಂಬರ್ ಎರಡು’. ಇಲ್ಲಿನ ಡಿಟಿಆರ್ ಆಸ್ಪತ್ರೆಯಿಂದ ಹಿಡಿದು ಧರ್ಮಶಾಲೆಯವರೆಗೆ, ಭಾರತದಲ್ಲಿರುವ ಟಿಬೆಟನ್ನರಿಗೆ ಆರೈಕೆ ಮಾಡುವ ವೈದ್ಯರೆಲ್ಲ ಬಲ್ಲ ಸಂಗತಿಯೊಂದಿದೆ: ಈ ಸಮುದಾಯದಲ್ಲಿ ಹೆಪಟೈಟಿಸ್ ಬಿ ದೇಶದ ಸರಾಸರಿಗಿಂತ ಎಷ್ಟೋ ಹೆಚ್ಚು.

ಈಗ ಬೆರಗಿನ ಭಾಗ. ಹೆಪಟೈಟಿಸ್ ಬಿ ವೈದ್ಯಪುಸ್ತಕಗಳ ಪ್ರಕಾರ ಲೈಂಗಿಕವಾಗಿಯೂ ಹರಡುವ ಸೋಂಕು. ನಮ್ಮ ಕಡೆ ಪಿಸುದನಿಯಲ್ಲಿ ಹೇಳುವ ‘ಗುಪ್ತರೋಗ’ದ ಪಟ್ಟಿಗೇ ಸೇರಿದ್ದು. ಆದರೆ ಹುಟ್ಟಿದಾಗಿನಿಂದ ಬ್ರಹ್ಮಚಾರಿಯಾಗಿರುವ ಭಿಕ್ಷುವಿನ ರಕ್ತದಲ್ಲೂ ಅದು ಸಿಗಬಹುದು! ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಿಂದ ಮಗುವಿಗೆ ದಾಟುವುದೇ ಅದರ ಹಳೆಯ ಹೆದ್ದಾರಿ. ರೋಗ ನೋಡಿ ನಡತೆ ಅಳೆಯುವವರ ತಕ್ಕಡಿ ಇಲ್ಲಿ ಮುರಿದು ಬೀಳುತ್ತದೆ. ಹಾಗೆ ಸೋಂಕು ತಗುಲಿದ ಹಸುಗೂಸುಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ಅದೇ ವೈರಸ್ ದೊಡ್ಡವರಿಗೆ ಸಂಭೋಗದಿಂದಲೋ ಸೂಜಿಯಿಂದಲೋ ಬಂದರೆ ನೂರಕ್ಕೆ 95 ಮಂದಿ ತಾವಾಗಿಯೇ ಗೆದ್ದು ಹೊರಬರುತ್ತಾರೆ. ವೈರಸ್ ಅದೇ, ಬಂದ ವಯಸ್ಸೊಂದು ಬೇರೆ, ಕಥೆಯೇ ಬೇರೆ!

ದೊಡ್ಡವರಲ್ಲಿ ಲಕ್ಷಣ ಕಾಣಲು ಒಂದು ತಿಂಗಳಿಂದ ಆರು ತಿಂಗಳು ಹಿಡಿಯುತ್ತದೆ. ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಸುಸ್ತು, ಊಟ ಸೇರದಿರುವುದು, ಓಕರಿಕೆ, ಕೀಲುನೋವು, ಕಡುಬಣ್ಣದ ಮೂತ್ರ, ಕೊನೆಗೆ ಹಳದಿ ಕಣ್ಣು. ಅದೂ ಎಲ್ಲರಿಗಲ್ಲ. ಅರ್ಧಕ್ಕಿಂತ ಹೆಚ್ಚು ಜನರ ಕಣ್ಣು ಹಳದಿಯಾಗುವುದೇ ಇಲ್ಲ. ಪುಟ್ಟ ಮಕ್ಕಳಲ್ಲಂತೂ ಸುಳಿವೇ ಇರುವುದಿಲ್ಲ. ಟಿಬೆಟನ್ ವೈದ್ಯರು, ಅಂದರೆ ಆಮ್ಚಿಗಳು, ಬೆಳಗಿನ ಮೊದಲ ಮೂತ್ರವನ್ನು ಕಡ್ಡಿಯಿಂದ ಕಡೆದು ಬಣ್ಣ, ಹಬೆ, ವಾಸನೆ, ನೊರೆಗುಳ್ಳೆಗಳನ್ನು ಪರೀಕ್ಷಿಸುತ್ತಾರೆ. ಶತಮಾನಗಳಿಂದ ಪಳಗಿದ ಕಣ್ಣು ಅದು. ಆದರೆ ಸುಮ್ಮನೆ ಮಲಗಿರುವ ಹೆಪಟೈಟಿಸ್ ಬಿ ಮೂತ್ರಕ್ಕೆ ಬಣ್ಣ ಬಳಿಯುವುದಿಲ್ಲ.

ಹಾಗಾದರೆ ಇದು ಮೊದಲು ಸಿಕ್ಕಿಬಿದ್ದದ್ದು ಹೇಗೆ? ಹುಡುಕದೇ! ಅಮೆರಿಕದ ಬರೂಕ್ ಬ್ಲಂಬರ್ಗ್ ಹುಡುಕುತ್ತಿದ್ದುದು ಜನರಿಂದ ಜನರಿಗೆ ರಕ್ತದ ಪ್ರೋಟೀನುಗಳು ಹೇಗೆ ಬೇರೆ ಎಂಬುದನ್ನು. ಅದಕ್ಕಾಗಿ ಲೋಕದ ಮೂಲೆಮೂಲೆಯ ರಕ್ತ ತರಿಸಿದ್ದರು. ಹಲವು ಸಲ ರಕ್ತ ಪಡೆದಿದ್ದ ಹಿಮೊಫೀಲಿಯಾ ರೋಗಿಯೊಬ್ಬರ ಸೀರಮ್, ಆಸ್ಟ್ರೇಲಿಯದ ಆದಿವಾಸಿಯೊಬ್ಬರ ಸೀರಮ್ಮಿನೊಡನೆ ಸೇರಿ ಪರೀಕ್ಷೆಯಲ್ಲಿ ಒಂದು ಗೆರೆ ಮೂಡಿಸಿತು. ‘ಆಸ್ಟ್ರೇಲಿಯ ಆಂಟಿಜೆನ್’ ಎಂದು 1965ರಲ್ಲಿ ಪ್ರಕಟಿಸಿದರು. ಅದು ಏನೆಂಬುದು ಮಾತ್ರ ಇನ್ನೂ ಗುಟ್ಟು. 1967ರಲ್ಲಿ ಅವರ ಪ್ರಯೋಗಾಲಯದ ತಂತ್ರಜ್ಞೆ ಬಾರ್ಬರಾ ವರ್ನರ್ ಅವರಿಗೆ ಯಾಕೋ ಮೈ ಸರಿಯಿಲ್ಲ ಅನಿಸಿತು. ತಮ್ಮದೇ ರಕ್ತವನ್ನು ಪರೀಕ್ಷೆಗಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಮಸುಕಾದ, ಆದರೆ ಸ್ಪಷ್ಟವಾದ ಗೆರೆ! ಕಾಮಾಲೆ ಕಾಣಿಸಿಕೊಂಡದ್ದು ಆಮೇಲೆ. ಆ ಆಂಟಿಜೆನ್ ಪರೀಕ್ಷೆಯಿಂದ ಪತ್ತೆಯಾದ ಮೊದಲ ಹೆಪಟೈಟಿಸ್ ಅದೇ. ವರ್ನರ್ ಗುಣಮುಖರಾದರು. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ನನಗೆ ಕೇಳಿದರೆ, ಆ ಪದಕದ ಒಂದು ಚೂರು ತನ್ನ ಮೈಯ ಮಾತು ಕೇಳಿಸಿಕೊಂಡ ಆ ಹೆಣ್ಣುಮಗಳಿಗೂ ಸಲ್ಲಬೇಕಿತ್ತು.

ಇದೇ ಬ್ಲಂಬರ್ಗ್ ನಮ್ಮ ಹಿತ್ತಲಿನ ನೆಲನೆಲ್ಲಿಯನ್ನೂ ಬಿಡಲಿಲ್ಲ! ಕಾಮಾಲೆ ಎಂದರೆ ಮೊದಲು ನೆಲನೆಲ್ಲಿ ಕಿತ್ತು ಅರೆಯುವ ನಾಡು ನಮ್ಮದಲ್ಲವೆ. ಮದ್ರಾಸಿನ ತ್ಯಾಗರಾಜನ್ ತಂಡದ ಜೊತೆ ಸೇರಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಶಾದಾಯಕ ಫಲಿತಾಂಶ ಬರೆದರು. ಬೇರೆ ದೇಶಗಳಲ್ಲಿ ಮತ್ತೆ ಮಾಡಿ ನೋಡಿದಾಗ ಅದು ನಿಲ್ಲಲಿಲ್ಲ. ದೊಡ್ಡವರಲ್ಲಿ ಬಹುಪಾಲು ಸೋಂಕು ತಾನಾಗಿಯೇ ಇಳಿಯುವುದರಿಂದ ಹೆಸರು ಸೊಪ್ಪಿಗೆ ಬರುತ್ತದೆ, ಅಷ್ಟೆ.

ಲೈಂಗಿಕವಾಗಿ ಹರಡುವ ಉಳಿದ ರೋಗಾಣುಗಳ ಪಂಚಾಂಗವೂ ಒಂದಕ್ಕಿಂತ ಒಂದು ವಿಚಿತ್ರ. ಗೊನೊರಿಯಾಕ್ಕೆ ಅವಸರ: ಗಂಡಸರಲ್ಲಿ ಎರಡರಿಂದ ಐದು ದಿನಕ್ಕೇ ಉರಿಮೂತ್ರ, ಕೀವು. ಹರ್ಪಿಸ್ ನಾಲ್ಕೈದು ದಿನಕ್ಕೆ ನೋಯುವ ಗುಳ್ಳೆಗಳನ್ನು ಎಬ್ಬಿಸುತ್ತದೆ. ಕ್ಲಮೈಡಿಯಾಕ್ಕೆ ಒಂದರಿಂದ ಮೂರು ವಾರ. ಆದರೆ ಬಹುಪಾಲು ಹೆಂಗಸರಲ್ಲಿ ಏನೂ ತೋರದೆ ಒಳಗೊಳಗೇ ಗರ್ಭನಾಳ ಕೆಡಿಸಬಲ್ಲದು. ಎಚ್ಐವಿ ಎರಡರಿಂದ ನಾಲ್ಕು ವಾರಕ್ಕೆ ಸಾಮಾನ್ಯ ಜ್ವರದ ವೇಷದಲ್ಲಿ ಬಂದು ಹೋಗಿ, ಆಮೇಲೆ ವರ್ಷಗಟ್ಟಲೆ ಮೌನ.

ಇವರೆಲ್ಲರನ್ನೂ ಮೀರಿಸುವ ಬಹುರೂಪಿ ಸಿಫಿಲಿಸ್! ಸುಮಾರು ಮೂರು ವಾರಕ್ಕೆ, ಕೆಲವೊಮ್ಮೆ ತೊಂಬತ್ತು ದಿನಕ್ಕೆ, ಒಂದು ಹುಣ್ಣು. ನೋವೇ ಇಲ್ಲ. ಮದ್ದು ಹಚ್ಚದಿದ್ದರೂ ಮೂರರಿಂದ ಆರು ವಾರದಲ್ಲಿ ಮಾಯ. ‘ಹೋಯಿತಲ್ಲ’ ಎಂದು ನಿಟ್ಟುಸಿರು ಬಿಟ್ಟ ಮೇಲೆ ಮೈಮೇಲೆ ದದ್ದು, ಅದೂ ಸಾಮಾನ್ಯ ದದ್ದುಗಳು ಮುಟ್ಟದ ಅಂಗೈ, ಅಂಗಾಲುಗಳಲ್ಲಿ! ಅದೂ ಮಾಯ. ಆಮೇಲೆ ಹತ್ತಾರು ವರ್ಷದ ನಿದ್ದೆ. ಎದ್ದಾಗ ಹೃದಯ, ಮಿದುಳು, ಯಾವುದು ಬೇಕಾದರೂ ಸಿಗಬಹುದು. ಬಿರಡೆ ತಿರುಪಿನ ಆಕಾರದ ಈ ಜೀವಿಯನ್ನು 1905ರ ಮಾರ್ಚಿನಲ್ಲಿ ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಮೊದಲು ಕಂಡರು. ಸಮಾಧಾನದ ಸಂಗತಿಯೆಂದರೆ, ಇಷ್ಟೆಲ್ಲ ಆಟವಾಡುವ ಅದು ಮೊದಲ ಹಂತಗಳಲ್ಲಿ ಒಂದೇ ಒಂದು ಪೆನಿಸಿಲಿನ್ ಇಂಜೆಕ್ಷನ್ನಿಗೆ ಶರಣಾಗುತ್ತದೆ.

ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ ಇರುವುದು ಇಂಥ ಸೋಂಕುಗಳ ಚಿಕಿತ್ಸೆಗೇ. ಲ್ಯಾಬ್ ವರದಿಗೆ ಕಾಯದೆ ಲಕ್ಷಣ ನೋಡಿಯೇ ಮದ್ದು ಕೊಡಲೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಏಳು ಬಣ್ಣದ ಔಷಧಿ ಕಿಟ್‌ಗಳನ್ನೇ ರೂಪಿಸಿತು: ಕೀವು ಸೋರಿದರೆ ಬೂದು, ನೋವಿಲ್ಲದ ಹುಣ್ಣಿಗೆ ಬಿಳಿ, ಹರ್ಪಿಸ್ ಗುಳ್ಳೆಗೆ ಕೆಂಪು. ಓದು ಬಾರದವರಿಗೂ ಗೊತ್ತಾಗುವ ಜಾಣತನ! ಸಂಗಾತಿಗೂ ಚಿಕಿತ್ಸೆ ಆಗಲೇಬೇಕು, ಇಲ್ಲವಾದರೆ ಸೋಂಕು ಮರಳಿ ಮನೆಗೇ ಬರುತ್ತದೆ. ಸಂದೇಹವಿದ್ದರೆ 1097ಕ್ಕೆ ಫೋನ್ ಮಾಡಬಹುದು, ಉಚಿತ.

ಮತ್ತೆ ಹೆಪಟೈಟಿಸ್ ಬಿಗೆ ಬಂದರೆ, ಅದರ ಲಸಿಕೆ 1981ರಲ್ಲೇ ಬಂತು. ಕ್ಯಾನ್ಸರ್ ತಡೆಯುವ ಮೊದಲ ಲಸಿಕೆ ಎಂಬ ಹೆಸರೂ ಅದಕ್ಕಿದೆ. 2011ರ ಹೊತ್ತಿಗೆ ದೇಶವಿಡೀ ಮಕ್ಕಳ ಸಾಮಾನ್ಯ ಲಸಿಕೆ ಪಟ್ಟಿಗೆ ಸೇರಿತು. 2018ರ ಜುಲೈ 28ರಂದು, ಅಂದರೆ ಬ್ಲಂಬರ್ಗ್ ಹುಟ್ಟಿದ ದಿನವೇ ಆದ ವಿಶ್ವ ಹೆಪಟೈಟಿಸ್ ದಿನದಂದು, ಉಚಿತ ಪರೀಕ್ಷೆ ಮತ್ತು ಚಿಕಿತ್ಸೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಸೋಂಕು ತಗುಲಿದ ಸುಮಾರು ನಾಲ್ಕು ವಾರಕ್ಕೆ ರಕ್ತದಲ್ಲಿ ಅದರ ಗುರುತು ಸಿಗುತ್ತದೆ. ಎಚ್ಐವಿಗಾದರೆ ತೊಂಬತ್ತು ದಿನ ಕಳೆದ ಮೇಲೂ ಒಮ್ಮೆ ನೋಡಿಸಿ. ಒಟ್ಟಿಗೆ ಉಂಡರೆ, ಒಂದೇ ಬಟ್ಟಲಿನಲ್ಲಿ ಬೆಣ್ಣೆ ಚಹಾ ಕುಡಿದರೆ, ಕೈ ಕುಲುಕಿದರೆ ಹೆಪಟೈಟಿಸ್ ಬಿ ಅಂಟುವುದಿಲ್ಲ. ಮನೆಯಲ್ಲಿ ಬಸುರಿ ಇದ್ದರೆ ಹೆಪಟೈಟಿಸ್ ಬಿ ಪತ್ತೆಹಚ್ಚುವ ‘ಎಚ್‌ಬಿಎಸ್‌ಎಜಿ’ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಕೂಸು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಹಾಕಿಸಿ.