ಜಾತ್ರೆಗೆ ಜೊತೆ ಬೇಕೆ?

ಜಾತ್ರೆ ಎಂಬ ಮಾತು ಯಾತ್ರೆ ಎಂಬುದರ ತದ್ಭವ. ಹೋಗುವುದೇ ಅದರ ಮೂಲಾರ್ಥ. ಜನ ಗುಂಪುಗೂಡುವುದು ಆಮೇಲೆ ಸೇರಿಕೊಂಡ ಅರ್ಥ. ಆದರೆ ಜಾತ್ರೆಯೆಂದೊಡನೆ ಗಾಡಿ ತುಂಬ ಜನ, ಬುತ್ತಿಯ ಗಂಟು, ಮಕ್ಕಳ ಗಲಾಟೆ ಇವೇ ನಮ್ಮ ಕಣ್ಮುಂದೆ ಬರುತ್ತವೆ. ಜೊತೆಯಿಲ್ಲದವರು ಜಾತ್ರೆಗೆ ಹೊರಡಬಾರದೆಂಬ ಬರೆಯದ ಕಟ್ಟಳೆಯೊಂದು ಹೀಗೆಯೇ ಬೆಳೆದಿದೆ. ಮೈಸೂರಿನ ಬಡಾವಣೆಗಳಲ್ಲಿ ಇಂದು ಇದರಿಂದ ನೋಯುತ್ತಿರುವವರು ಹಿರಿಯರು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಮನೆಯಲ್ಲಿ ಒಬ್ಬರೇ ತಾಯಿ ಅಥವಾ ಒಬ್ಬರೇ ತಂದೆ. ಸುತ್ತೂರಿನ ಜಾತ್ರೆ ಮಗ್ಗುಲಲ್ಲೇ ನಡೆದರೂ, 'ಯಾರ ಜೊತೆ ಹೋಗಲಿ?' ಎಂದು ಕುಳಿತುಬಿಡುತ್ತಾರೆ.

ನನಗೆ ಪರಿಚಿತರಾದ ಹಿರಿಯ ತಾಯಿಯೊಬ್ಬರು ಹೀಗೆ ಕುಳಿತವರೇ. ಸೋಜಿಗವೆಂದರೆ ಅವರು ಜರ್ಮನಿಯ ಕಲೋನ್ ನಗರದ ಕ್ರಿಸ್‌ಮಸ್ ಸಂತೆಯನ್ನು ಒಬ್ಬರೇ ಸುತ್ತಿ ಬಂದವರು! ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲೆಲ್ಲ ಮನೆಯಲ್ಲಿ ಕುಳಿತು ಬೇಸತ್ತು, ಮಗ ಬರೆದುಕೊಟ್ಟ ವಿಳಾಸದ ಚೀಟಿಯನ್ನು ಕೈಯಲ್ಲಿ ಹಿಡಿದು, ಟ್ರಾಮ್ ಹತ್ತಿ ಹೊರಟರಂತೆ. ಅಲ್ಲಿನ ಮಹಾದೇವಾಲಯದ ಅಡಿಯಲ್ಲೇ ಆ ಸಂತೆ. 1248ರಲ್ಲಿ ಆರಂಭವಾಗಿ 1880ರಲ್ಲಿ ಮುಗಿದ, 157 ಮೀಟರ್ ಎತ್ತರದ ಜೋಡಿಗೋಪುರಗಳನ್ನು ಕಂಡೊಡನೆ ಆ ತಾಯಿಗೆ, 'ಇದು ನಮ್ಮ ಅಶೋಕ ರಸ್ತೆಯ ಚರ್ಚಿನಂತೆಯೇ ಇದೆಯಲ್ಲ!' ಎನ್ನಿಸಿತಂತೆ. ಅದು ಸರಿಯಾದ ಮಾತು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲಿಟ್ಟ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಮಾದರಿಯಾದದ್ದು ಆ ಕಲೋನಿನ ದೇವಾಲಯವೇ.

ಮರದ ಪುಟ್ಟ ಅಂಗಡಿಗಳ ಸಾಲು, ಸಕ್ಕರೆಪಾಕದಲ್ಲಿ ಹುರಿದ ಬಾದಾಮಿ, ಮೇಣದ ಬತ್ತಿ, ಮರದ ಬೊಂಬೆ. ನಾಲ್ಕೂವರೆಗೆಲ್ಲ ಕತ್ತಲಾಗುವ ಆ ಚಳಿನಾಡಿನಲ್ಲಿ ದೀಪಗಳಿಗೇ ಒಂದು ಬೆಲೆಯುಂಟು. ಜನ ಎತ್ತರದ ಮೇಜುಗಳ ಸುತ್ತ ನಿಂತು, ಲವಂಗ ದಾಲ್ಚಿನ್ನಿ ಹಾಕಿ ಕಾಯಿಸಿದ ದ್ರಾಕ್ಷಾಮದ್ಯವನ್ನು ಚಿತ್ರದ ಬಟ್ಟಲುಗಳಲ್ಲಿ ಕುಡಿಯುತ್ತಾರೆ. ಬಟ್ಟಲಿಗೆ ಮುಂಗಡ ಹಣ ಕೊಡಬೇಕು. ಹಿಂದಿರುಗಿಸಿದರೆ ಆ ಹಣ ಮರಳಿ ಬರುತ್ತದೆ. ನಮ್ಮ ತಾಯಿ ಮಕ್ಕಳಿಗೆಂದು ಮಾಡುವ, ಮದ್ಯವಿಲ್ಲದ ಹಣ್ಣಿನ ಕಷಾಯವನ್ನು ಕೊಂಡು, ಬಟ್ಟಲು ಮರಳಿಸಿ ಹಣವನ್ನೂ ಪಡೆದು ಬಂದರು. ಭಾಷೆ ಬಾರದು, ಒಬ್ಬರ ಗುರುತೂ ಇಲ್ಲ. ಆದರೂ ನಾಲ್ಕು ದಿನ ಹೋದರಂತೆ!

ಆ ಸಂತೆಗಳೂ ಹಳೆಯವು. ಡ್ರೆಸ್ಡನ್ ನಗರದ ಸಂತೆಯ ಮೊದಲ ದಾಖಲೆ 1434ನೆಯ ಇಸವಿಯದು. ಆಗ ವಿಜಯನಗರದಲ್ಲಿ ಆಳುತ್ತಿದ್ದವನು ಪ್ರೌಢದೇವರಾಯ. ಅವನ ದಂಡನಾಯಕನಾದ ಲಕ್ಕಣ್ಣ ದಂಡೇಶನೇ 'ಶಿವತತ್ತ್ವ ಚಿಂತಾಮಣಿ'ಯನ್ನು ರಚಿಸಿದವನು. ಅಲ್ಲೊಂದು ಊರಿನ ಚೌಕದಲ್ಲಿ ಹಬ್ಬದ ಸಂತೆ ನೆರೆಯುತ್ತಿದ್ದ ಕಾಲದಲ್ಲೇ ಇಲ್ಲಿ ಶರಣರ ವಚನಗಳು ಮತ್ತೆ ಸಂಕಲನಗೊಳ್ಳುತ್ತಿದ್ದವು.

ಇನ್ನು ಸುತ್ತೂರು. ನಂಜನಗೂಡು ತಾಲ್ಲೂಕಿನ, ಕಪಿಲಾತೀರದ ಈ ಶ್ರೀಕ್ಷೇತ್ರದಲ್ಲಿ ಆದಿಜಗದ್ಗುರು ಶ್ರೀ ಶಿವರಾತ್ರೀಶ್ವರ ಶಿವಯೋಗಿಗಳವರ ಗದ್ದುಗೆಯಿದೆ. ಗಂಗರ ರಾಚಮಲ್ಲನಿಗೂ ಚೋಳರ ರಾಜರಾಜನಿಗೂ ಯುದ್ಧ ಒದಗಿದಾಗ ಇಬ್ಬರನ್ನೂ ಸಮಾಧಾನಗೊಳಿಸಿದವರು ಅವರೆಂದು ಮಠದ ಪರಂಪರೆ ಹೇಳುತ್ತದೆ. ಪುಷ್ಯ ಮಾಸದ ಕೊನೆಯಲ್ಲಿ ಅವರ ಹೆಸರಿನಲ್ಲಿ ಆರು ದಿನ ಜಾತ್ರೆ. ರಥೋತ್ಸವ, ತೆಪ್ಪೋತ್ಸವ, ದನಗಳ ಜಾತ್ರೆ, ಕೃಷಿ ಮೇಳ, ಭಜನಾ ಮೇಳ, ಕುಸ್ತಿ ಎಲ್ಲವೂ ಉಂಟು. ಸಾಮೂಹಿಕ ವಿವಾಹದಲ್ಲಿ ಅಂತರ್ಜಾತಿಯ ವಧೂವರರೂ ವಿಧವೆಯರೂ ಅಂಗವಿಕಲರೂ ಒಂದೇ ಮಂಟಪದಲ್ಲಿ ಕೂರುತ್ತಾರೆ. ಧ್ವನಿವರ್ಧಕದ ಅಬ್ಬರ ಸ್ವಲ್ಪ ತಗ್ಗಿದರೆ ನನ್ನಂಥವರ ಕಿವಿಗೆ ಹಿತ. ಆದರೆ ಜಾತ್ರೆಯಲ್ಲಿ ಮೌನವನ್ನು ಬೇಡುವುದು ನ್ಯಾಯವಲ್ಲ.

ಒಬ್ಬರೇ ಬಂದವರಿಗೆ ಅಲ್ಲಿ ಮುಖ್ಯವಾದದ್ದು ದಾಸೋಹ. ಸುತ್ತಲಿನ ಹಳ್ಳಿಗಳ ಸದ್ಭಕ್ತರು ಅಕ್ಕಿ, ಬೇಳೆ, ಬೆಲ್ಲ, ತರಕಾರಿಗಳನ್ನು ತಂದೊಪ್ಪಿಸುತ್ತಾರೆ. ಪಂಕ್ತಿಯಲ್ಲಿ ಕುಳಿತವನನ್ನು 'ನೀನು ಯಾರ ಮನೆಯವನು, ಎಷ್ಟು ಜನ ಬಂದಿದ್ದೀರಿ?' ಎಂದು ಯಾರೂ ಕೇಳುವುದಿಲ್ಲ. ಎಡಕ್ಕೊಬ್ಬರು ಬಲಕ್ಕೊಬ್ಬರು ಕುಳಿತ ಮೇಲೆ ಒಂಟಿಯೆಂಬ ಮಾತೆಲ್ಲಿ ಉಳಿಯಿತು? ಕಲೋನಿನ ಸಂತೆಯಲ್ಲಿ ಕಾಣದ ಸುಖ ಇದು. ಆ ಸಂತೆಯನ್ನು ಹಳಿಯಲು ಈ ಮಾತಾಡುತ್ತಿಲ್ಲ. ಅದು ಕೊಳ್ಳುವ ಕೊಡುವ ಸಂತೆ. ಇದು ಉಣ್ಣುವ ಉಣಿಸುವ ಜಾತ್ರೆ.

ಒಬ್ಬರೇ ನಡೆಯುವುದು ನಮ್ಮ ಪರಂಪರೆಗೆ ಹೊಸತೂ ಅಲ್ಲ. ಜಂಗಮವೆಂದರೆ ಚಲಿಸುವುದು; ಚರಮೂರ್ತಿಗಳು ಊರಿಂದೂರಿಗೆ ಏಕಾಕಿಗಳಾಗಿ ಸಂಚರಿಸಿದವರು. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣದವರೆಗೆ ನಡೆದ ಅಕ್ಕಮಹಾದೇವಿಯವರ ಜೊತೆಗೆ ಯಾರಿದ್ದರು? ಅಕ್ಕನನ್ನು ಪೂಜಿಸುವ ಮನೆಯಲ್ಲೇ, 'ಅಮ್ಮ, ಒಬ್ಬಳೇ ಎಲ್ಲಿಗೂ ಹೋಗಬೇಡ' ಎಂದು ಮಗ ಕಲೋನಿನಿಂದ ದೂರವಾಣಿಯಲ್ಲಿ ಹೇಳುತ್ತಾನೆ. ಅದೇ ಮಗ ಅಲ್ಲಿ ವಿಳಾಸದ ಚೀಟಿ ಬರೆದು ಕಳುಹಿಸಿದವನು. ಪರದೇಶದಲ್ಲಿ ಇದ್ದ ಭರವಸೆ ಸ್ವದೇಶದಲ್ಲಿ ಏಕೆ ಇಲ್ಲ ಎಂಬುದನ್ನು ಮಕ್ಕಳು ಯೋಚಿಸಬೇಕು. ಅವರ ಕಾಳಜಿ ಸುಳ್ಳಲ್ಲ. ಆದರೆ ಕಾಳಜಿ ಬೀಗವಾಗಬಾರದು.

ಆ ತಾಯಿ ಮರುವರ್ಷ ಸುತ್ತೂರಿಗೆ ಹೋದರು. ಗದ್ದುಗೆಯ ದರ್ಶನ ಮುಗಿಸಿ, ತರಕಾರಿ ಹೆಚ್ಚುತ್ತಿದ್ದ ಹೆಂಗಸರ ನಡುವೆ ಸುಮ್ಮನೆ ಕುಳಿತರಂತೆ. ಯಾರೋ ಒಂದು ಈಳಿಗೆಮಣೆ ಮುಂದಕ್ಕೆ ತಳ್ಳಿದರು. ಸಂಜೆಯವರೆಗೆ ಕುಂಬಳಕಾಯಿ ಹೆಚ್ಚಿದ್ದೇ ಅವರ ಜಾತ್ರೆ.

ಹೋಗಬಯಸುವ ಹಿರಿಯರಿಗೆ ಎರಡು ಮಾತು. ಜಾತ್ರೆಯ ದಿನಗಳಲ್ಲಿ ಮೈಸೂರಿನಿಂದ ವಿಶೇಷ ಬಸ್ಸುಗಳಿರುತ್ತವೆ. ರಥೋತ್ಸವದ ದಿನ ನೂಕುನುಗ್ಗಲು ಹೆಚ್ಚು. ಮಂಡಿನೋವಿನವರು ಬೇರೊಂದು ದಿನವನ್ನು ಆರಿಸಿಕೊಳ್ಳುವುದು ಲೇಸು. ಬೆಳಿಗ್ಗೆ ನದಿಯ ಕಡೆಯ ಚಳಿ ಚುರುಕು, ಶಾಲು ಇರಲಿ. ಔಷಧಿಯನ್ನೂ ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನೂ ಚೀಲದಲ್ಲಿ ಇಟ್ಟುಕೊಳ್ಳಿ. ಬುತ್ತಿ ಬೇಕಾಗಿಲ್ಲ.